ಟ್ರೆವರ್ ನೋಹ

ದಕ್ಷಿಣ ಆಫ್ರಿಕದ ಸ್ಟ್ಯಾಂಡ್‌ಅಪ್ ಹಾಸ್ಯಗಾರ, ಟಿ.ವಿ. ನಿರೂಪಕ, ಲೇಖಕ. ಜನನ 1984ರ ಫೆಬ್ರುವರಿ 20, ಜೋಹಾನ್ಸ್‌ಬರ್ಗ್. ಅಮೆರಿಕದ ಕಾಮಿಡಿ ಸೆಂಟ್ರಲ್ ವಾಹಿನಿಯ ‘ದ ಡೇಲಿ ಶೋ’ ಕಾರ್ಯಕ್ರಮವನ್ನು 2015ರ ಸೆಪ್ಟೆಂಬರ್‌ನಿಂದ 2022ರ ಡಿಸೆಂಬರ್‌ವರೆಗೆ ನಡೆಸಿಕೊಟ್ಟದ್ದರಿಂದ ಜಗತ್ತಿಗೆಲ್ಲ ಪರಿಚಿತ. ಹೆಸರು ತಂದುಕೊಟ್ಟದ್ದು ಕಿರುತೆರೆಯಾದರೂ ಈತ ಮೂಲತಃ ವೇದಿಕೆಯವನು. ಕೈಯಲ್ಲಿ ಮೈಕು, ಎದುರಿಗೆ ಜನ, ಇಷ್ಟಿದ್ದರೆ ಸಾಕು. ಟಿ.ವಿ.ಯಲ್ಲಿ ಈತ ಗೆದ್ದ ಸಂದರ್ಭಗಳನ್ನು ತೆಗೆದು ನೋಡಿದರೆ ಬಹುಪಾಲು ಕಡೆ ವೇದಿಕೆಯ ನೋಹ ಮೇಜು ದಾಟಿ ಮುಂದೆ ಬಂದಿರುತ್ತಾನೆ. ಸಪ್ಪೆಯಾದ ಕಡೆ ಸೂಟು, ಟೈ, ಟೆಲಿಪ್ರಾಂಪ್ಟರುಗಳ ಹಿಂದೆ ಕುಳಿತಿರುತ್ತಾನೆ.

ಹುಟ್ಟು, ಬಾಲ್ಯ

ತಾಯಿ ಪ್ಯಾಟ್ರಿಷಿಯಾ ಖೋಸಾ ಸಮುದಾಯದ ಕಪ್ಪು ಮಹಿಳೆ. ತಂದೆ ಜರ್ಮನ್ ಮಾತನಾಡುವ ಸ್ವಿಸ್ ಬಿಳಿಯ. ದಕ್ಷಿಣ ಆಫ್ರಿಕದಲ್ಲಿ ಆಗ ಬಿಳಿಯರೂ ಕಪ್ಪು ಜನರೂ ದೇಹಸಂಬಂಧ ಇರಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧ. 1927ರಲ್ಲಿ ಬಂದ ಅನೈತಿಕತೆ ಕಾಯ್ದೆ ಗಂಡಸಿಗೆ ಐದು ವರ್ಷದವರೆಗೆ, ಹೆಂಗಸಿಗೆ ನಾಲ್ಕು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. ವರ್ಣಭೇದ ಸರ್ಕಾರ ಬಂದಮೇಲೆ ಕಾನೂನು ಇನ್ನಷ್ಟು ಬಿಗಿಯಾಯಿತು. ನಿಷೇಧ ರದ್ದಾದದ್ದು 1985ರಲ್ಲಿ, ಅಂದರೆ ನೋಹ ಹುಟ್ಟಿದ ಮರುವರ್ಷ. ಹೀಗಾಗಿ ಮಗುವಿನ ಮೈಬಣ್ಣವೇ ತಂದೆತಾಯಿಯ ವಿರುದ್ಧ ಸಾಕ್ಷಿಯಂತಿತ್ತು.

ಇದರ ಪರಿಣಾಮ ದಿನನಿತ್ಯದ ಬದುಕಿನಲ್ಲಿ ಹೇಗಿತ್ತೆಂಬುದನ್ನು ಈತ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಮಗನನ್ನು ಉದ್ಯಾನಕ್ಕೆ ಕರೆದೊಯ್ಯಬೇಕಾದರೆ ತಾಯಿ ನೆರೆಮನೆಯ ಮಿಶ್ರವರ್ಣದ ಹೆಂಗಸನ್ನು ಜೊತೆಗೆ ಕರೆಯುತ್ತಿದ್ದಳು. ಆ ಹೆಂಗಸು ಹುಡುಗನ ಕೈಹಿಡಿದು ಹೆತ್ತವಳಂತೆ ಮುಂದೆ ನಡೆಯಬೇಕು. ಹೆತ್ತ ತಾಯಿ ಆಳಿನಂತೆ ಹಿಂದೆ ಬರಬೇಕು. ಸೊವೆಟೊದಲ್ಲಿ ಅಜ್ಜಿಯ ಮನೆಗೆ ಹೋದಾಗ ಹುಡುಗನಿಗೆ ಹೊರಗೆ ಆಡುವ ಅವಕಾಶವಿರಲಿಲ್ಲ. ಪೊಲೀಸರ ಕಣ್ಣಿಗೆ ಬಿದ್ದರೆ ಎತ್ತಿಕೊಂಡು ಹೋದಾರೆಂಬ ಭಯ. ಮೈಬಣ್ಣ ನೋಡಿ ಕಾನೂನು ಈತನನ್ನು ‘ಕಲರ್ಡ್’, ಅಂದರೆ ಮಿಶ್ರವರ್ಣದವರು, ಎಂಬ ವರ್ಗಕ್ಕೆ ಸೇರಿಸುತ್ತಿತ್ತು. ಆದರೆ ಮನೆಯ ಭಾಷೆ, ಊಟ, ದೇವರು ಎಲ್ಲ ಖೋಸಾ ಅಜ್ಜಿಯವು. ಬಿಳಿಯರಲ್ಲಿ ಬಿಳಿಯನಲ್ಲ, ಕಪ್ಪು ಜನರಲ್ಲಿ ಪೂರಾ ಕಪ್ಪಲ್ಲ, ಕಲರ್ಡ್ ಕೇರಿಯಲ್ಲಿ ಕಪ್ಪು ಭಾಷೆ ಆಡುವವನು. ಮುಂದೆ ಈತನ ಹಾಸ್ಯಕ್ಕೆ ಸಿಕ್ಕ ಮುಖ್ಯ ಸರಕು ಈ ಎಡಬಿಡಂಗಿ ಸ್ಥಿತಿಯೇ.

ತಾಯಿ ಗಟ್ಟಿಗಿತ್ತಿ. ಟೈಪಿಂಗ್ ಕಲಿತು ಕಾರ್ಯದರ್ಶಿ ಕೆಲಸ ಹಿಡಿದವಳು, ಭಾನುವಾರಕ್ಕೆ ಮೂರು ಚರ್ಚುಗಳನ್ನು ಸುತ್ತುವವಳು, ಕಪ್ಪು ಜನ ಇರಬಾರದೆಂದಿದ್ದ ನಗರಭಾಗದಲ್ಲಿ ಕದ್ದುಮುಚ್ಚಿ ಬಾಡಿಗೆಗಿದ್ದವಳು. ಮಗನಿಗೆ ಮೊದಲು ಇಂಗ್ಲಿಷನ್ನೇ ಕಲಿಸಿದಳು. ಜೊತೆಗೆ ಖೋಸಾ ಬಂತು. ಬೀದಿಯಿಂದ ಜುಲು, ಸೋಥೊ, ತ್ಸ್ವಾನಾ, ತ್ಸೋಂಗಾ, ಶಾಲೆಯಿಂದ ಆಫ್ರಿಕಾನ್ಸ್ ಸೇರಿದವು. ಜರ್ಮನ್ ಕೂಡ ಒಂದಷ್ಟು ಬರುತ್ತದೆ. ಹೀಗೆ ಭಾಷೆ ಬದಲಿಸುವ ಚಾಳಿಯಿಂದ ಏನಾಗುತ್ತದೆಂಬುದಕ್ಕೆ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಬೀದಿಯಲ್ಲಿ ಒಬ್ಬನೇ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಜುಲು ಹುಡುಗರ ಗುಂಪೊಂದು ಈ ಬಿಳಿಯನನ್ನು ದೋಚೋಣವೆಂದು ತಮ್ಮಲ್ಲೇ ಮಾತಾಡಿಕೊಳ್ಳುತ್ತದೆ. ಓಡಲು ಜಾಗವಿಲ್ಲ. ನೋಹ ಗಕ್ಕನೆ ತಿರುಗಿ, ಜುಲುವಿನಲ್ಲೇ, ನಾವೆಲ್ಲ ಸೇರಿ ಬೇರೆ ಯಾರನ್ನಾದರೂ ದೋಚೋಣ, ನಾನು ರೆಡಿ ಎನ್ನುತ್ತಾನೆ. ಹುಡುಗರು ಪೆಚ್ಚಾಗಿ, ತಪ್ಪಾಯಿತು, ನೀನು ನಮ್ಮವನೆಂದು ಗೊತ್ತಾಗಲಿಲ್ಲ ಎಂದು ಹೊರಟುಹೋಗುತ್ತಾರೆ. ಮುಂದೆ ವೇದಿಕೆಯಲ್ಲಿ ಈತ ಮಾಡಿದ್ದೂ ಬಹುಮಟ್ಟಿಗೆ ಇದೇ: ಎದುರಿಗಿದ್ದವರ ದನಿಯನ್ನೇ ಹಿಡಿದು ಅವರಿಗೇ ತಿರುಗಿಸಿ ಕೊಡುವುದು.

ಶಾಲೆಯಲ್ಲಿ ಈತ ಯಾವ ಗುಂಪಿಗೂ ಸೇರಿದವನಲ್ಲ. ಆದರೆ ಚೆನ್ನಾಗಿ ಓಡುತ್ತಿದ್ದ. ಬೆಳಗಿನ ಸಭೆ ಮುಗಿದೊಡನೆ ಎಲ್ಲರಿಗಿಂತ ಮೊದಲು ಕ್ಯಾಂಟೀನಿಗೆ ಓಡಿ ಸಾಲಿನ ಮುಂದೆ ನಿಂತು, ಬೇರೆಯವರ ತಿಂಡಿಗೆ ಆರ್ಡರ್ ಹಿಡಿದು ಕಮಿಷನ್ ಹೊಡೆಯುತ್ತಿದ್ದ. ಈ ವ್ಯಾಪಾರದ ನೆಪದಲ್ಲಿ ಎಲ್ಲ ಗುಂಪುಗಳಿಗೂ ಪ್ರವೇಶ ಸಿಕ್ಕಿತು. ಹೋದ ಕಡೆ ಒಂದೆರಡು ಜೋಕು ಹೊಡೆದು, ಅಲ್ಲಿಯವನಂತೆ ನಾಲ್ಕು ನಿಮಿಷ ನಿಂತು, ಮುಂದಿನ ಗುಂಪಿಗೆ ಹೋಗುತ್ತಿದ್ದ. ಶಾಲೆ ಬಿಟ್ಟಮೇಲೆ ಕಾಲೇಜಿಗೆ ದುಡ್ಡಿರಲಿಲ್ಲ. ಅಲೆಕ್ಸಾಂಡ್ರಾ ಕೇರಿಯಲ್ಲಿ ನಕಲಿ ಸಿ.ಡಿ. ಮಾರುವುದು, ಪಾರ್ಟಿಗಳಿಗೆ ಡಿ.ಜೆ. ಆಗಿ ಹಾಡು ಹಾಕುವುದು, ಹೀಗೆ ಕೆಲವು ಕಾಲ ಕಳೆಯಿತು.

ಜೋಹಾನ್ಸ್‌ಬರ್ಗ್‌ನ ವೇದಿಕೆ

ಹಿನ್ನೆಲೆಯ ಒಂದು ಸಂಗತಿ ಇಲ್ಲಿ ಅಗತ್ಯ. ದಕ್ಷಿಣ ಆಫ್ರಿಕಕ್ಕೆ ಟಿ.ವಿ. ಬಂದದ್ದೇ 1976ರ ಜನವರಿಯಲ್ಲಿ. ಅದು ಜನರ ತಲೆ ಕೆಡಿಸೀತೆಂದು ಸರ್ಕಾರ ಅದುವರೆಗೆ ತಡೆದಿತ್ತು. ರಾಜಕೀಯ ವಿಡಂಬನೆ ಇರಲಿಲ್ಲವೆಂದಲ್ಲ. ಪೀಟರ್-ಡರ್ಕ್ ಯೂಸ್ ಹೆಣ್ಣುವೇಷ ತೊಟ್ಟು ಎವಿಟಾ ಬೆಜುಯ್ಡನ್‌ಹೌಟ್ ಎಂಬ ಪಾತ್ರದ ಮೂಲಕ ಆಳುವವರನ್ನು ವರ್ಷಗಟ್ಟಲೆ ಗೇಲಿ ಮಾಡಿದ್ದ. ಆದರೆ ಕಪ್ಪು ಹಾಸ್ಯಗಾರರಿಗೆ ಮೈಕು ಸಿಕ್ಕದ್ದು ಬಹುಪಾಲು 1994ರ ನಂತರ, ಮಂಡೇಲಾ ಅಧ್ಯಕ್ಷರಾದ ಮೇಲೆ. ಡೇವಿಡ್ ಕಾವ್, ಕಗಿಸೊ ಲೆಡಿಗಾ, ಲೋಯಿಸೊ ಗೋಲಾ ಮೊದಲಾದವರು ಹಾದಿ ಸವೆಸುತ್ತಿದ್ದಾಗ ನೋಹ ಇಪ್ಪತ್ತರ ಆಚೀಚೆಯ ಹುಡುಗ. ಅಂಥ ಹೊಸ ಮನರಂಜನೆಗೆ ಪ್ರೇಕ್ಷಕರೂ ಹೊಸಬರು. ಒಂದೇ ಸಭಾಂಗಣದಲ್ಲಿ ಕಪ್ಪು, ಬಿಳಿ, ಕಲರ್ಡ್, ಭಾರತೀಯ ಮೂಲದವರು ಅಕ್ಕಪಕ್ಕ ಕುಳಿತು ಒಬ್ಬರನ್ನು ಕಂಡು ಒಬ್ಬರು ನಗುವುದೆಂದರೆ ಆ ದೇಶದಲ್ಲಿ ಸಣ್ಣ ಮಾತಲ್ಲ.

ವಿಚಿತ್ರವೆಂದರೆ ಈತ ಮೊದಲು ಕಾಣಿಸಿಕೊಂಡದ್ದು ವೇದಿಕೆಯಲ್ಲಲ್ಲ. 2002ರಲ್ಲಿ ‘ಇಸಿಡಿಂಗೊ’ ಧಾರಾವಾಹಿಯಲ್ಲಿ ಒಂದು ಚಿಕ್ಕ ಪಾತ್ರ ಸಿಕ್ಕಿತು. ಆಮೇಲೆ ವೈ.ಎಫ್.ಎಂ. ರೇಡಿಯೊದಲ್ಲಿ ‘ನೋಹಾಸ್ ಆರ್ಕ್’ ಕಾರ್ಯಕ್ರಮ, 2004ರಿಂದ 2006ರವರೆಗೆ ಸರ್ಕಾರಿ ವಾಹಿನಿ ಎಸ್.ಎ.ಬಿ.ಸಿ. 2ರಲ್ಲಿ ಮಕ್ಕಳಿಗಾಗಿ ‘ರನ್ ದ ಅಡ್ವೆಂಚರ್’. 2007ರಲ್ಲಿ ತಾರೆಯರ ಗಾಳಿಸುದ್ದಿಯ ‘ದ ರಿಯಲ್ ಗೊಬೊಜಾ’, ಕ್ರೀಡೆಯ ‘ಸಿಯಾಡ್ಲಾಲಾ’. 2008ರಲ್ಲಿ ‘ಸ್ಟ್ರಿಕ್ಟ್‌ಲಿ ಕಮ್ ಡಾನ್ಸಿಂಗ್’ ಸ್ಪರ್ಧೆಯಲ್ಲಿ ಕುಣಿದದ್ದೂ ಉಂಟು. ಸಿಕ್ಕ ಕೆಲಸವನ್ನೆಲ್ಲ ಒಪ್ಪಿಕೊಂಡ ಹುಡುಗನೊಬ್ಬನ ಪಟ್ಟಿ ಇದು, ಹೆಚ್ಚೇನೂ ಹೇಳುವಂಥದ್ದಲ್ಲ. ಕ್ಯಾಮೆರಾ ಕಂಡರೆ ಮೈ ಬಿಗಿಯದಿರುವುದನ್ನು ಮಾತ್ರ ಈ ವರ್ಷಗಳು ಕಲಿಸಿರಬೇಕು.

ಕಸುಬು ಕುದುರಿದ್ದು ಕ್ಲಬ್ಬುಗಳಲ್ಲಿ. ‘ಬ್ಲ್ಯಾಕ್ಸ್ ಓನ್ಲಿ’, ‘ಹೆವಿವೇಟ್ ಕಾಮಿಡಿ ಜ್ಯಾಮ್’, ಕೇಪ್‌ಟೌನ್ ಹಾಸ್ಯೋತ್ಸವ, ಕಾಲೇಜು ಪ್ರವಾಸಗಳು ಒಂದಾದ ಮೇಲೊಂದು ಬಂದವು. ಭಾರತೀಯ ಮೂಲದ ಕೆನಡಾ ಹಾಸ್ಯಗಾರ ರಸಲ್ ಪೀಟರ್ಸ್ ದಕ್ಷಿಣ ಆಫ್ರಿಕಕ್ಕೆ ಬಂದಾಗ ಆತನಿಗಿಂತ ಮೊದಲು ವೇದಿಕೆಯೇರಿ ಸಭೆಯನ್ನು ಹುರುಪುಗೊಳಿಸುವ ಕೆಲಸವೂ ನೋಹನಿಗೆ ಸಿಕ್ಕಿತು. 2009ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ‘ದ ಡೇವಾಕರ್’. ಅದರ ತಯಾರಿಯನ್ನು ಅಮೆರಿಕದ ಡೇವಿಡ್ ಪಾಲ್ ಮೇಯರ್ ‘ಯು ಲಾಫ್ ಬಟ್ ಇಟ್ಸ್ ಟ್ರೂ’ ಎಂಬ ಸಾಕ್ಷ್ಯಚಿತ್ರವಾಗಿ ತೆಗೆದ. ಅಷ್ಟು ಬೇಗ ಇಡೀ ಸಂಜೆಯ ಪ್ರದರ್ಶನಕ್ಕೆ ಕೈಹಾಕಿದ್ದು ಹಳೆಯ ಕೆಲವು ಹಾಸ್ಯಗಾರರಿಗೆ ಹಿಡಿಸಿರಲಿಲ್ಲ. ಚಿತ್ರದಲ್ಲಿ ಅವರ ಅಸಮಾಧಾನ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಅದೇ 2009ರಲ್ಲಿ ತಾಯಿಯ ಮೇಲೆ ಗುಂಡಿನ ದಾಳಿ ನಡೆಯಿತು. ಹಾರಿಸಿದವನು ಆಕೆಯಿಂದ ಬೇರೆಯಾಗಿದ್ದ ಮಲತಂದೆ. ತಲೆಯ ಹಿಂಭಾಗ ಹೊಕ್ಕ ಗುಂಡು ಮೆದುಳಿಗೆ ತಾಗದೆ ಮೂಗಿನ ಹೊಳ್ಳೆಯ ಕಡೆಯಿಂದ ಹೊರಬಿತ್ತು, ಆಕೆ ಬದುಕಿದಳು. ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ತಾಯಿ, ಅಳುತ್ತಿದ್ದ ಮಗನನ್ನು ಸಮಾಧಾನಪಡಿಸಿ, ಇನ್ನು ಮೇಲೆ ಮನೆಯಲ್ಲಿ ನೀನೇ ಚೆಲುವ ಎಂದು ತಮಾಷೆ ಮಾಡಿದಳಂತೆ. ಈತನ ಹಾಸ್ಯದ ಮೂಲ ಎಲ್ಲಿದೆಯೆಂದು ಹುಡುಕುವವರು ರಿಚರ್ಡ್ ಪ್ರಯರ್, ಕ್ರಿಸ್ ರಾಕ್, ಎಡಿ ಇಜಾರ್ಡ್ ಹೆಸರುಗಳನ್ನು ಹೇಳುತ್ತಾರೆ. ಇವರ ಪ್ರಭಾವವನ್ನು ನೋಹನೂ ಒಪ್ಪುತ್ತಾನೆ. ಆದರೆ ಮೊದಲ ಗುರು ಆ ಹಾಸಿಗೆಯ ಮೇಲಿದ್ದಳು ಎನ್ನುವುದೇ ಹೆಚ್ಚು ಸರಿ.

2010ರಲ್ಲಿ ‘ಟುನೈಟ್ ವಿತ್ ಟ್ರೆವರ್ ನೋಹ’ ಎಂಬ ತನ್ನದೇ ಹೆಸರಿನ ಟಾಕ್ ಶೋ ಶುರುವಾಯಿತು. ಮೊದಲು ಎಂ-ನೆಟ್‌ನಲ್ಲಿ, ಆಮೇಲೆ ಮ್ಜಾನ್ಸಿ ಮ್ಯಾಜಿಕ್‌ನಲ್ಲಿ ಎರಡು ಸೀಸನ್ ನಡೆಯಿತು. 2011ರ ‘ಕ್ರೇಜಿ ನಾರ್ಮಲ್’, 2012ರ ‘ದಟ್ಸ್ ರೇಸಿಸ್ಟ್’, 2013ರ ‘ಇಟ್ಸ್ ಮೈ ಕಲ್ಚರ್’ ವಿಡಿಯೊಗಳು ಮನೆಮನೆಗೆ ತಲುಪಿದವು. ಆಗಿನ ಅಧ್ಯಕ್ಷ ಜೇಕಬ್ ಜುಮಾ ದೊಡ್ಡ ಸಂಖ್ಯೆಗಳನ್ನು ಓದುವಾಗ ತಡವರಿಸುವುದನ್ನು ಈತ ಅನುಕರಿಸುವ ರೀತಿ ಆ ದೇಶದಲ್ಲಿ ಬಾಯಿಂದ ಬಾಯಿಗೆ ಹರಡಿತು. ಹಾಗೆಂದು ಇದನ್ನು ಬರಿಯ ಮಿಮಿಕ್ರಿ ಎನ್ನಲಾಗದು. ಮಿಮಿಕ್ರಿಯವನು ದನಿಯ ಹೋಲಿಕೆಗೆ ಚಪ್ಪಾಳೆ ಕೇಳುತ್ತಾನೆ. ನೋಹ ಆ ದನಿಯ ಹಿಂದಿನ ಯೋಚನೆಯ ಗತಿಯನ್ನು ಹಿಡಿಯುತ್ತಾನೆ. ಮಂಡೇಲಾ ಬಿಟ್ಟು ಬಿಟ್ಟು ಆಡುವ ಮಾತು, ಡರ್ಬನ್ ಕಡೆಯ ಭಾರತೀಯರ ಇಂಗ್ಲಿಷು, ಆಫ್ರಿಕಾನ್ಸ್ ರೈತನ ಗದರಿಕೆ, ಅಮೆರಿಕದ ಪೊಲೀಸ್, ತನ್ನ ಅಜ್ಜಿ, ಇವರೆಲ್ಲ ಒಂದೇ ಕಥೆಯೊಳಗೆ ಬಂದು ಪರಸ್ಪರ ಜಗಳವಾಡುತ್ತಾರೆ. ನಿಂತವನು ಒಬ್ಬನೇ ಎಂಬುದು ನೋಡುವವರಿಗೆ ಕೆಲವು ಕ್ಷಣ ಮರೆತೇಹೋಗುತ್ತದೆ.

ಸಾಗರದಾಚೆ

2012ರ ಜನವರಿಯಲ್ಲಿ ಜೇ ಲೆನೊ ನಡೆಸುತ್ತಿದ್ದ ‘ದ ಟುನೈಟ್ ಶೋ’ದಲ್ಲಿ ನೋಹ ಕಾಣಿಸಿಕೊಂಡ. ಆ ಕಾರ್ಯಕ್ರಮಕ್ಕೆ ಬಂದ ಮೊದಲ ದಕ್ಷಿಣ ಆಫ್ರಿಕನ್ ಹಾಸ್ಯಗಾರ ಈತನೇ. ಮರುವರ್ಷ ಡೇವಿಡ್ ಲೆಟರ್‌ಮನ್ ಅವರ ‘ಲೇಟ್ ಶೋ’ದಲ್ಲೂ ಅದೇ ಮೊದಲಿಗತನ. 2012ರಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವಕ್ಕೆ ‘ದ ರೇಸಿಸ್ಟ್’ ಪ್ರದರ್ಶನ ಒಯ್ದ. 2013ರಲ್ಲಿ ‘ಆಫ್ರಿಕನ್ ಅಮೆರಿಕನ್’ ಎಂಬ ಇನ್ನೊಂದು. ಹೊರದೇಶಗಳ ಪ್ರೇಕ್ಷಕರಿಗೆ ವರ್ಣಭೇದದ ಬಗ್ಗೆ ಪೀಠಿಕೆ ಹಾಕಿಯೇ ಜೋಕು ಹೇಳಬೇಕಾಗುತ್ತಿತ್ತು. ಈತ ಆ ಪೀಠಿಕೆಯನ್ನೇ ಜೋಕಾಗಿಸಿದ. ತಾಯಿ, ತಂದೆ, ಮಗು ಮೂವರೂ ರಸ್ತೆಯಲ್ಲಿ ಹೋಗುವಾಗ ಪೊಲೀಸರನ್ನು ಕಂಡು ಒಬ್ಬರನ್ನೊಬ್ಬರು ಗೊತ್ತಿಲ್ಲದವರಂತೆ ನಟಿಸುವ ದೃಶ್ಯವನ್ನು ಜಗತ್ತಿನ ಯಾವ ಮೂಲೆಯಲ್ಲಿ ಹೇಳಿದರೂ ಮೊದಲು ನಗು, ಅರೆಗಳಿಗೆಯ ನಂತರ ಇರುಸುಮುರುಸು.

ದ ಡೇಲಿ ಶೋ

‘ದ ಡೇಲಿ ಶೋ’ 1996ರಲ್ಲಿ ಕ್ರೇಗ್ ಕಿಲ್ಬಾರ್ನ್ ನಿರೂಪಣೆಯಲ್ಲಿ ಆರಂಭವಾಯಿತು. ಅದಕ್ಕೆ ಖದರು ಬಂದದ್ದು 1999ರ ಜನವರಿಯಲ್ಲಿ ಜಾನ್ ಸ್ಟುವರ್ಟ್ ಬಂದಮೇಲೆ. ಸುದ್ದಿವಾಚಕರ ಮೇಜು, ಹಿಂದೆ ಪರದೆ, ಅದರಲ್ಲಿ ನಿಜವಾದ ಸುದ್ದಿಯ ತುಣುಕು, ಅದರ ಬೆನ್ನಿಗೇ ವ್ಯಂಗ್ಯ. ಸುದ್ದಿಯ ಸೋಗಿನ ಈ ಕಾರ್ಯಕ್ರಮವನ್ನು ಅಮೆರಿಕದ ಎಷ್ಟೋ ಯುವಕರು ನಿಜ ಸುದ್ದಿಗೆ ಬದಲಾಗಿ ನೋಡತೊಡಗಿದರು. ಸ್ಟೀಫನ್ ಕೋಲ್ಬರ್, ಜಾನ್ ಆಲಿವರ್, ಸ್ಟೀವ್ ಕಾರೆಲ್ ಅಲ್ಲಿ ವರದಿಗಾರರಾಗಿ ಬೆಳೆದವರು.

ನೋಹ ಅಲ್ಲಿ ಮೊದಲು ಕಾಣಿಸಿಕೊಂಡದ್ದು 2014ರ ಡಿಸೆಂಬರ್‌ನಲ್ಲಿ. ಎರಡೆರಡು ಚಿತ್ರ ತೋರಿಸಿ, ಇವುಗಳಲ್ಲಿ ಆಫ್ರಿಕ ಯಾವುದು, ಅಮೆರಿಕ ಯಾವುದು ಹೇಳಿ ಎಂದು ಸ್ಟುವರ್ಟ್‌ಗೆ ಸವಾಲು ಹಾಕಿದ. ನುಣುಪು ರಸ್ತೆ ಆಫ್ರಿಕದ್ದು, ಗುಂಡಿ ಬಿದ್ದದ್ದು ಅಮೆರಿಕದ್ದು ಎಂಬ ಧಾಟಿ. ಹೀಗೆ ಮೂರೇ ಸಲ ಬಂದುಹೋದ ಮೇಲೆ 2015ರ ಮಾರ್ಚ್ 30ರಂದು ಸ್ಟುವರ್ಟ್ ಉತ್ತರಾಧಿಕಾರಿಯಾಗಿ ಈತನ ಹೆಸರು ಪ್ರಕಟವಾಯಿತು. ಅಮೆರಿಕದಲ್ಲಿ ಬಹಳ ಜನಕ್ಕೆ ಈತ ಯಾರೆಂದೇ ಗೊತ್ತಿರಲಿಲ್ಲ. ಒಂದೆರಡು ದಿನದಲ್ಲಿ ಗೊತ್ತಾದದ್ದೂ ಕೆಟ್ಟ ರೀತಿಯಲ್ಲೇ. ಯೆಹೂದ್ಯರನ್ನೂ ದಪ್ಪ ಹೆಂಗಸರನ್ನೂ ಹೀಗಳೆಯುವ ಹಳೆಯ ಟ್ವೀಟುಗಳನ್ನು ಯಾರೋ ಕೆದಕಿ ತೆಗೆದರು. ವಾಹಿನಿ ಕೈಬಿಡಲಿಲ್ಲ. ಆ ಟ್ವೀಟುಗಳು ಆಕ್ಷೇಪಾರ್ಹ ಎನ್ನುವುದಕ್ಕಿಂತ ಮೊದಲು ಕಳಪೆ ಜೋಕುಗಳು. ಹಾಸ್ಯಗಾರನಿಗೆ ಅದೂ ದೊಡ್ಡ ದೋಷವೇ.

2015ರ ಸೆಪ್ಟೆಂಬರ್ 28ರಂದು ಕಾರ್ಯಕ್ರಮ ಶುರು. ಮೊದಲ ಅತಿಥಿ ಕೆವಿನ್ ಹಾರ್ಟ್. ಹದಿನಾರು ವರ್ಷ ಸ್ಟುವರ್ಟ್‌ನ ಸಿಟ್ಟಿಗೆ ಒಗ್ಗಿದ್ದ ವೀಕ್ಷಕರಿಗೆ ನೋಹನ ಮುಗುಳ್ನಗೆ ಒಪ್ಪಲಿಲ್ಲ. ಈತನಿಗೆ ಕೋಪವೇ ಬರುವುದಿಲ್ಲವಲ್ಲ ಎಂಬುದು ವಿಮರ್ಶಕರ ಮುಖ್ಯ ದೂರು. ಸ್ಟುವರ್ಟ್ ತನ್ನ ದೇಶ ದಾರಿ ತಪ್ಪಿತೆಂದು ಸಿಡಿಮಿಡಿಗೊಳ್ಳುತ್ತಿದ್ದ. ದೇಶವೊಂದು ಕಾನೂನುಬದ್ಧವಾಗಿಯೇ ದಾರಿ ತಪ್ಪಿದ್ದನ್ನು ಹುಟ್ಟಿನಿಂದ ಕಂಡವನಿಗೆ ಅಂಥ ಆಘಾತ ಎಲ್ಲಿಂದ ಬರಬೇಕು? ಆದರೆ ಆ ಹೊರಗಿನವನ ನೋಟ ಮೊದಲ ವಾರದಲ್ಲೇ ಫಲ ಕೊಟ್ಟಿತ್ತು. ಡೊನಾಲ್ಡ್ ಟ್ರಂಪ್ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದು ಇಡೀ ಅಮೆರಿಕಕ್ಕೆ ಹೊಸ ವಿಸ್ಮಯವಾಗಿದ್ದ ದಿನಗಳವು. ನೋಹ ಆತನ ಮಾತುಗಳ ಪಕ್ಕದಲ್ಲಿ ಜುಮಾ, ಇದಿ ಅಮೀನ್, ಗದ್ದಾಫಿ, ಮುಗಾಬೆಯವರ ಮಾತುಗಳನ್ನಿಟ್ಟು, ಇವನು ಹೊಸಬನೇನಲ್ಲ, ನಮ್ಮಲ್ಲಿ ಇಂಥವರನ್ನು ಬಹಳ ನೋಡಿದ್ದೇವೆ, ಅಮೆರಿಕಕ್ಕೂ ಒಬ್ಬ ಆಫ್ರಿಕನ್ ಅಧ್ಯಕ್ಷ ಸಿಗುತ್ತಿದ್ದಾನೆ ಎಂಬರ್ಥದಲ್ಲಿ ಮಾತಾಡಿದ. ಮರುವರ್ಷ ಟ್ರಂಪ್ ಗೆದ್ದಾಗ ಆ ತುಣುಕನ್ನು ಮತ್ತೆ ನೋಡಿದವರಿಗೆ ಅದು ಬರೀ ಜೋಕಾಗಿ ಉಳಿಯಲಿಲ್ಲ.

2016ರ ನವೆಂಬರ್ ಕೊನೆಯಲ್ಲಿ ಬಲಪಂಥೀಯ ನಿರೂಪಕಿ ಟೋಮಿ ಲ್ಯಾರೆನ್ ಜೊತೆ ನಡೆಸಿದ ದೀರ್ಘ ಸಂದರ್ಶನ ಇನ್ನೊಂದು ತಿರುವು. ದನಿ ಏರಿಸದೆ, ಹೀಯಾಳಿಸದೆ, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳಿದ: ಕಪ್ಪು ಮನುಷ್ಯ ಪ್ರತಿಭಟಿಸಬೇಕಾದರೆ ಯಾವ ವಿಧಾನ ಸರಿ? ಎದುರಾಳಿಗೆ ವೇದಿಕೆ ಕೊಟ್ಟನೆಂದು ಎಡಪಂಥೀಯರಲ್ಲಿ ಕೆಲವರು ಬೈದರು. ರೋನಿ ಚಿಯೆಂಗ್, ರಾಯ್ ವುಡ್ ಜೂನಿಯರ್, ಡೆಸಿ ಲೈಡಿಕ್, ಡುಲ್ಸೆ ಸ್ಲೋನ್, ಮೈಕಲ್ ಕಾಸ್ಟಾ ಮೊದಲಾದ ವರದಿಗಾರರ ಬಳಗ ಕಟ್ಟಿದ್ದೂ ಈ ಅವಧಿಯ ಸಾಧನೆಯೇ. ಈ ಮೊದಲೇ ಅಲ್ಲಿದ್ದ ಭಾರತೀಯ ಮೂಲದ ಹಸನ್ ಮಿನ್ಹಾಜ್ 2018ರಲ್ಲಿ ಸ್ವಂತ ಕಾರ್ಯಕ್ರಮಕ್ಕಾಗಿ ಹೊರಟ.

ಜಾಹೀರಾತಿನ ಬಿಡುವಿನಲ್ಲಿ

ಆದರೂ ಈತನ ಅತ್ಯುತ್ತಮ ಕೆಲಸವನ್ನು ಕಾಣಬೇಕಾದರೆ ಪ್ರಸಾರವಾದ ಭಾಗಕ್ಕಿಂತ ಪ್ರಸಾರವಾಗದ ಭಾಗವನ್ನು ನೋಡುವುದು ಲೇಸು. ಜಾಹೀರಾತಿನ ಬಿಡುವು ಬಂದಾಗ ಸ್ಟುಡಿಯೊದಲ್ಲಿ ಕೂತ ಜನ ಬೇಸರಪಡದಿರಲೆಂದು ನೋಹ ಅವರೊಂದಿಗೆ ಮಾತಿಗಿಳಿಯುತ್ತಿದ್ದ. ಟೆಲಿಪ್ರಾಂಪ್ಟರ್ ಇಲ್ಲ, ಬರೆದುಕೊಟ್ಟ ಸಾಲಿಲ್ಲ. ಯಾರೋ ಏನೋ ಕೇಳುತ್ತಾರೆ, ಈತ ಕಥೆ ಹೇಳಲು ತೊಡಗುತ್ತಾನೆ. ಕ್ಯಾಮೆರಾ ಮಾತ್ರ ಓಡುತ್ತಿತ್ತು. ಆ ತುಣುಕುಗಳನ್ನು ‘ಬಿಟ್ವೀನ್ ದ ಸೀನ್ಸ್’ ಹೆಸರಿನಲ್ಲಿ ಅಂತರ್ಜಾಲಕ್ಕೆ ಹಾಕತೊಡಗಿದರು. ಈ ಕಾರ್ಯಕ್ರಮದಿಂದ ನೋಹನಿಗೆ ಮೊದಲ ಎಮಿ ಪ್ರಶಸ್ತಿ ಬಂದದ್ದು 2017ರಲ್ಲಿ, ಈ ಬಿಡುವಿನ ಮಾತುಗಳಿಗೇ.

ಇವುಗಳಲ್ಲಿ ಹೆಚ್ಚು ಚರ್ಚೆಯಾದದ್ದು 2018ರ ಜುಲೈಯದು. ಫ್ರಾನ್ಸ್ ವಿಶ್ವಕಪ್ ಫುಟ್‌ಬಾಲ್ ಗೆದ್ದಿತ್ತು. ಆಟಗಾರರಲ್ಲಿ ಬಹುಪಾಲು ಮಂದಿ ಆಫ್ರಿಕನ್ ಮೂಲದವರಾದ್ದರಿಂದ, ಆಫ್ರಿಕ ಗೆದ್ದಿತು ಎಂದು ನೋಹ ಕಾರ್ಯಕ್ರಮದಲ್ಲಿ ಕೇಕೆ ಹಾಕಿದ್ದ. ಅಮೆರಿಕದಲ್ಲಿದ್ದ ಫ್ರೆಂಚ್ ರಾಯಭಾರಿ ಜೆರಾರ್ ಅರೋ ಇದಕ್ಕೆ ಆಕ್ಷೇಪಿಸಿ ಪತ್ರ ಬರೆದರು: ಅವರಲ್ಲಿ ಹೆಚ್ಚಿನವರು ಫ್ರಾನ್ಸ್‌ನಲ್ಲಿ ಹುಟ್ಟಿ ಬೆಳೆದವರು, ಅವರನ್ನು ಆಫ್ರಿಕನ್ನರೆನ್ನುವುದು ಅವರ ಫ್ರೆಂಚ್‌ತನವನ್ನು ಅಲ್ಲಗಳೆದಂತೆ ಎಂಬುದು ಪತ್ರದ ಸಾರ. ಬಿಡುವಿನಲ್ಲಿ ನೋಹ ಆ ಪತ್ರವನ್ನು ರಾಯಭಾರಿಯ ಫ್ರೆಂಚ್ ಉಚ್ಚಾರದಲ್ಲೇ ಓದಿದ, ಸಭೆ ನಕ್ಕಿತು. ಆಮೇಲೆ ದನಿ ತಗ್ಗಿಸಿ ಕೇಳಿದ: ಎರಡೂ ಆಗಿರಬಾರದೇಕೆ? ಫ್ರೆಂಚನಾಗಬೇಕಾದರೆ ಆಫ್ರಿಕನ್ ಎಂಬುದನ್ನು ಅಳಿಸಿಕೊಳ್ಳಬೇಕೆ? ವಲಸಿಗ ತಪ್ಪು ಮಾಡಿದರೆ ಆಫ್ರಿಕದವನು, ಗೋಲು ಹೊಡೆದರೆ ಫ್ರಾನ್ಸಿನವನು ಎಂದಾಗುವುದು ಹೇಗೆ? ರಾಯಭಾರಿಯ ವಾದದಲ್ಲೂ ತೂಕವಿತ್ತು. ಕಪ್ಪು ಆಟಗಾರರನ್ನು ಫ್ರೆಂಚರಲ್ಲವೆನ್ನುವ ಜನಾಂಗದ್ವೇಷಿಗಳು ಆ ದೇಶದಲ್ಲಿದ್ದಾರೆ, ಅವರ ಬಾಯಿಗೆ ಈ ಜೋಕು ಸಿಕ್ಕೀತೆಂಬ ಆತಂಕ ಸುಳ್ಳಲ್ಲ. ಒಂದೇ ಮಾತು ಯಾರು ಆಡುತ್ತಾರೆಂಬುದರ ಮೇಲೆ ಬೇರೆ ಅರ್ಥ ಪಡೆಯುತ್ತದೆ ಎಂದು ನೋಹ ಕೊಟ್ಟ ಉತ್ತರ ಈತನ ಇಡೀ ಹಾಸ್ಯದ ಸಮರ್ಥನೆಯೂ ಹೌದು, ಅದರ ಅಪಾಯವೂ ಹೌದು.

ಕೊರೊನಾ ವರ್ಷಗಳು

2020ರ ಮಾರ್ಚ್‌ನಲ್ಲಿ ಸ್ಟುಡಿಯೊ ಮುಚ್ಚಿತು. ನೋಹ ನ್ಯೂಯಾರ್ಕಿನ ಮನೆಯಿಂದಲೇ ಹೂಡಿ ತೊಟ್ಟು ‘ದ ಡೇಲಿ ಸೋಷಿಯಲ್ ಡಿಸ್ಟನ್ಸಿಂಗ್ ಶೋ’ ಎಂದು ಹೆಸರು ಬದಲಿಸಿ ಮುಂದುವರಿಸಿದ. ಏಪ್ರಿಲ್ ಕೊನೆಗೆ ಅವಧಿ ಮುಕ್ಕಾಲು ಗಂಟೆಗೆ ಏರಿತು. ನಗುವ ಪ್ರೇಕ್ಷಕರಿಲ್ಲದ ಹಾಸ್ಯ ಹಲವು ನಿರೂಪಕರ ಕೈಯಲ್ಲಿ ಬಿಕೋ ಎನ್ನುತ್ತಿದ್ದಾಗ, ಮೇಜಿನ ಶಿಸ್ತಿನಿಂದ ಪಾರಾದ ಈತ ಮಾತ್ರ ಹಗುರಾದಂತಿತ್ತು. ಪೊಲೀಸರ ಕೈಯಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಾಲ್ಕು ದಿನಕ್ಕೆ, ಮೇ 29ರಂದು, ಹದಿನೆಂಟು ನಿಮಿಷದ ವಿಡಿಯೊ ಹಾಕಿದ. ಒಂದೂ ಜೋಕಿಲ್ಲ. ಒಂದಕ್ಕೊಂದು ತಾಗಿ ಬೀಳುವ ಡಾಮಿನೊ ಬಿಲ್ಲೆಗಳಂತೆ ಘಟನೆಗಳು ಹೇಗೆ ಉರುಳಿದವೆಂದು ವಿವರಿಸಿ, ಸಮಾಜವೆಂಬುದು ಒಂದು ಒಪ್ಪಂದ, ಒಂದು ಕಡೆಯವರು ಅದನ್ನು ದಿನವೂ ಮುರಿಯುತ್ತಿದ್ದರೆ ಇನ್ನೊಂದು ಕಡೆಯವರು ಅದಕ್ಕೆ ಏಕೆ ಬದ್ಧರಾಗಿರಬೇಕು ಎಂದು ಕೇಳಿದ. ಕೋಪ ಬರುವುದಿಲ್ಲವೆಂದು ದೂರಿದ್ದವರು ಆ ದಿನ ಸುಮ್ಮನಾದರು.

2021ರ ಮಾರ್ಚ್‌ನಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದ ನಿರೂಪಣೆ ಮೊದಲ ಸಲ ಸಿಕ್ಕಿತು. ಅಲ್ಲಿಂದ ಮುಂದೆ ವರ್ಷ ವರ್ಷವೂ ಕರೆ ಬಂತು. 2022ರ ಏಪ್ರಿಲ್ 30ರಂದು ಶ್ವೇತಭವನದ ವರದಿಗಾರರ ಔತಣಕೂಟದಲ್ಲಿ ಅಧ್ಯಕ್ಷ ಜೋ ಬೈಡನ್ ಪಕ್ಕದಲ್ಲೇ ಕುಳಿತಿರುವಾಗ ಅವರನ್ನೂ ಬಿಡದೆ ಕಾಲೆಳೆದ. ಕೊನೆಗೆ ಪತ್ರಕರ್ತರತ್ತ ತಿರುಗಿ, ಆಳುವವರ ಬಗ್ಗೆ ಸತ್ಯ ಹೇಳಿದ್ದಕ್ಕೆ ರಷ್ಯಾದ ಪತ್ರಕರ್ತರು ಏನೇನು ತೆರಬೇಕಾಗಿದೆ, ನಿಮಗಿರುವ ಈ ಸವಲತ್ತಿನ ಬೆಲೆ ನಿಮಗೆ ಗೊತ್ತೇ ಎಂದು ಕೇಳಿದ.

ಬರಹ

2016ರ ನವೆಂಬರ್‌ನಲ್ಲಿ ಬಂದ ‘ಬಾರ್ನ್ ಎ ಕ್ರೈಮ್’ ಹಾಸ್ಯಗಾರರು ಬರೆದ ಆತ್ಮಕಥೆಗಳ ಸಾಲಿನಲ್ಲಿ ಇಡಬಹುದಾದ ಪುಸ್ತಕವಲ್ಲ. ಅದು ವರ್ಣಭೇದದ ಕೊನೆಗಾಲದ ಸಾಮಾಜಿಕ ದಾಖಲೆ. ತನ್ನ ಟಿ.ವಿ. ಯಶಸ್ಸಿನ ಬಗ್ಗೆ ಇದರಲ್ಲಿ ಏನೂ ಇಲ್ಲವೆನ್ನಬೇಕು. ಕಥೆಯ ನಾಯಕಿ ತಾಯಿ. ಹಿಟ್ಲರ್ ಎಂಬ ಹೆಸರಿನ ಗೆಳೆಯನೊಬ್ಬನ ಪ್ರಸಂಗವನ್ನು ಓದಿದವರು ಮರೆಯುವುದಿಲ್ಲ. ಕಪ್ಪು ಜನರಿಗೆ ಯುರೋಪಿನ ಇತಿಹಾಸವನ್ನು ನೆಟ್ಟಗೆ ಕಲಿಸದ ಕಾಲದಲ್ಲಿ, ಬಿಳಿಯರನ್ನೇ ನಡುಗಿಸಿದ ಯಾರೋ ಗಟ್ಟಿ ಆಸಾಮಿಯೆಂದು ಮಕ್ಕಳಿಗೆ ಆ ಹೆಸರಿಟ್ಟವರಿದ್ದರು. ಆ ಹುಡುಗ ನೋಹನ ಡಿ.ಜೆ. ತಂಡದ ಮುಖ್ಯ ನರ್ತಕ. ಯೆಹೂದ್ಯರ ಶಾಲೆಯೊಂದರ ಸಮಾರಂಭದಲ್ಲಿ ತಂಡವೆಲ್ಲ ಆತನ ಹೆಸರು ಕೂಗಿ ಹುರಿದುಂಬಿಸಿದಾಗ ಸಭೆ ಸ್ತಬ್ಧವಾಗುತ್ತದೆ. ಏಕೆಂದು ಇವರಿಗೆ ತಿಳಿಯುವುದೇ ಇಲ್ಲ. ಅಮೆರಿಕದ ಹಾಸ್ಯ ಸಾಹಿತ್ಯಕ್ಕೆ ಕೊಡುವ ಥರ್ಬರ್ ಬಹುಮಾನ ಈ ಪುಸ್ತಕಕ್ಕೆ ಬಂತು. ಲೇಖಕನೇ ಓದಿರುವ ಧ್ವನಿಪುಸ್ತಕದಲ್ಲಿ ಪಾತ್ರಗಳು ಅವರವರ ಭಾಷೆ, ಉಚ್ಚಾರಗಳಲ್ಲೇ ಕೇಳಿಸುತ್ತವೆ. ಆಯ್ಕೆಯಿದ್ದರೆ ಓದುವುದಕ್ಕಿಂತ ಕೇಳುವುದು ಒಳ್ಳೆಯದು. 2024ರ ‘ಇನ್‌ಟು ದ ಅನ್‌ಕಟ್ ಗ್ರಾಸ್’ ಚಿತ್ರಸಹಿತವಾದ ಸಣ್ಣ ಕಥೆ.

ಭಾರತದ ನಂಟು

2019ರ ಆರಂಭದಲ್ಲಿ ಬಾಲಾಕೋಟ್ ದಾಳಿಯ ನಂತರ ಭಾರತ-ಪಾಕಿಸ್ತಾನ ಗಡಿ ಕಾವೇರಿದ್ದಾಗ, ಇವರಿಬ್ಬರ ಯುದ್ಧ ನಡೆದರೆ ನಡುನಡುವೆ ಹಾಡು, ಕುಣಿತ ಇರುತ್ತದೆ ಎಂಬ ಧಾಟಿಯಲ್ಲಿ ನೋಹ ಜೋಕು ಮಾಡಿ ಇಲ್ಲಿನವರ ಸಿಟ್ಟಿಗೆ ಗುರಿಯಾದ. ನೋವನ್ನು ತಾನು ನಗುವಿನ ಮೂಲಕವೇ ಎದುರಿಸುವುದೆಂದು ಹೇಳಿ ಕ್ಷಮೆ ಕೋರಿದ. ಆದರೆ ಆ ಪ್ರಸಂಗದಲ್ಲಿ ಈತ ಸತ್ತ ಸೈನಿಕರ ಮನೆಯವರಿಗೆ ಕಿವಿಗೊಟ್ಟಿರಲಿಲ್ಲ. ಬಾಲಿವುಡ್ ಎಂಬ ಸವಕಲು ಸರಕನ್ನು ಎತ್ತಿಕೊಂಡಿದ್ದ. ಆಸ್ಟ್ರೇಲಿಯದ ಮೂಲನಿವಾಸಿ ಹೆಂಗಸರ ಬಗ್ಗೆ 2013ರಲ್ಲಿ ಆಡಿದ ಕೀಳು ಮಾತು 2018ರಲ್ಲಿ ಎದ್ದುಬಂದಾಗಲೂ ಅಷ್ಟೇ. ತನಗೆ ಒಳಗಿನಿಂದ ಗೊತ್ತಿಲ್ಲದ ಜನರ ವಿಷಯಕ್ಕೆ ಹೋದಾಗ ಈತನ ಜೋಕು ಬೇರೆ ಯಾರ ಜೋಕಿಗಿಂತಲೂ ಮೇಲಲ್ಲ. 2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದಾಗ ಅಲ್ಲಿ ಜನಾಂಗೀಯ ಪ್ರತಿರೋಧ ಎದ್ದಿದೆಯೆಂದು ಈತ ಹೇಳಿದ್ದಕ್ಕೆ ಬ್ರಿಟಿಷ್ ರಾಜಕಾರಣಿಗಳು, ಅವರಲ್ಲಿ ಪಾಕಿಸ್ತಾನಿ ಮೂಲದ ಸಾಜಿದ್ ಜಾವಿದ್ ಕೂಡ, ತಿರುಗಿಬಿದ್ದರು.

2023ರ ಸೆಪ್ಟೆಂಬರ್‌ನಲ್ಲಿ ‘ಆಫ್ ದ ರೆಕಾರ್ಡ್’ ಪ್ರವಾಸದ ಅಂಗವಾಗಿ ಭಾರತಕ್ಕೆ ಬಂದ. ದೆಹಲಿಯ ನಂತರ ಬೆಂಗಳೂರು; 27 ಮತ್ತು 28ರಂದು ಎರಡು ಪ್ರದರ್ಶನ. 27ರ ಸಂಜೆ ಹೊರ ವರ್ತುಲ ರಸ್ತೆಯಲ್ಲಿ ಸುದ್ದಿಯಾಗುವಷ್ಟು ಟ್ರಾಫಿಕ್ ಜಾಮ್. ಟಿಕೆಟ್ ಕೊಂಡವರು ಸಿಕ್ಕಿಹಾಕಿಕೊಂಡರು, ಹಾಸ್ಯಗಾರನೂ ಸಿಕ್ಕಿಹಾಕಿಕೊಂಡ. ತಡವಾಗಿ ಕಾರ್ಯಕ್ರಮ ಶುರುವಾದಾಗ ಹಿಂದಿನ ಸಾಲುಗಳಿಗೆ ಮಾತೇ ಕೇಳಿಸಲಿಲ್ಲ. ಜನ ಕೂಗಿದರು, ಸರಿಪಡಿಸುವ ಯತ್ನ ನಡೆಯಿತು, ಆಗಲಿಲ್ಲ. ನೋಹ ವೇದಿಕೆಯಿಂದ ಇಳಿದು, ಎರಡೂ ಪ್ರದರ್ಶನ ರದ್ದು, ಹಣ ವಾಪಸ್ಸು ಎಂದು ಸಾಮಾಜಿಕ ಜಾಲತಾಣದಲ್ಲಿ ಕ್ಷಮೆ ಕೇಳಿದ. ಸಂಗೀತ ಕಛೇರಿಯಾಗಿದ್ದರೆ ಹೇಗೋ ಮುಗಿಸಿಬಿಡಬಹುದಿತ್ತೇನೋ. ದನಿಯ ಸಣ್ಣ ಏರಿಳಿತದಲ್ಲಿ, ಅರ್ಧ ಕ್ಷಣದ ನಿಲುಗಡೆಯಲ್ಲಿ ನಗೆ ಹುಟ್ಟಿಸುವವನಿಗೆ ಕೆಟ್ಟ ಸ್ಪೀಕರಿನೊಂದಿಗೆ ರಾಜಿಯಾಗಲು ದಾರಿಯಿರಲಿಲ್ಲ. ಬೆಂಗಳೂರಿನ ರಸ್ತೆಗಳ ಬಗ್ಗೆ ವಾರಗಟ್ಟಲೆ ಜೋಕು ಹರಿದಾಡಿದವು. ಅವನ್ನು ಮಾಡಿದವರು ಊರಿನವರೇ.

ಮೇಜು ಬಿಟ್ಟಮೇಲೆ

2022ರ ಸೆಪ್ಟೆಂಬರ್ 29ರಂದು ಕಾರ್ಯಕ್ರಮದ ಮಧ್ಯೆಯೇ, ತಾನು ‘ದ ಡೇಲಿ ಶೋ’ ಬಿಡುವುದಾಗಿ ನೋಹ ಹೇಳಿದ. ಕೊರೊನಾ ಕಾಲದ ನಂತರ ಮತ್ತೆ ಊರೂರು ಸುತ್ತಿ ಪ್ರದರ್ಶನ ಕೊಡತೊಡಗಿದಾಗ, ತನಗೆ ಬೇಕಾದದ್ದು ಅದೇ ಎಂದು ಅರಿವಾಯಿತಂತೆ. ಡಿಸೆಂಬರ್ 8ರ ಕೊನೆಯ ಸಂಚಿಕೆಯಲ್ಲಿ ಕೃತಜ್ಞತೆ ಹೇಳಿದ್ದು ಮುಖ್ಯವಾಗಿ ಕಪ್ಪು ಹೆಂಗಸರಿಗೆ: ತಾಯಿ, ಅಜ್ಜಿ, ಚಿಕ್ಕಮ್ಮ, ಜೊತೆಗೆ ತನಗೆ ಅಮೆರಿಕವನ್ನು ಅರ್ಥ ಮಾಡಿಸಿದ ಲೇಖಕಿಯರಿಗೆ. ಸುಮಾರು ಒಂದು ವರ್ಷ ಆ ಮೇಜಿಗೆ ವಾರಕ್ಕೊಬ್ಬರಂತೆ ಅತಿಥಿ ನಿರೂಪಕರು ಬಂದುಹೋದರು. 2024ರ ಫೆಬ್ರುವರಿಯಲ್ಲಿ ಸೋಮವಾರಗಳಿಗಾಗಿ ಜಾನ್ ಸ್ಟುವರ್ಟ್ ಮರಳಿದ. ಹಾಲಿವುಡ್ ಮುಷ್ಕರಗಳಿಂದ ಮುಂದೂಡಿದ್ದ ಎಮಿ ಸಮಾರಂಭ 2024ರ ಜನವರಿಯಲ್ಲಿ ನಡೆದಾಗ ಅತ್ಯುತ್ತಮ ಟಾಕ್ ಸರಣಿಯ ಪ್ರಶಸ್ತಿ ನೋಹನ ಅವಧಿಗೆ ಬಂತು. ಆ ವೇಳೆಗೆ ಈತ ಅಲ್ಲಿಂದ ಹೊರಟು ವರ್ಷ ದಾಟಿತ್ತು.

2023ರ ವೇಳೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಈತನ ನಾಲ್ಕು ಪ್ರದರ್ಶನಗಳು ಬಂದಿದ್ದವು: ‘ಅಫ್ರೇಡ್ ಆಫ್ ದ ಡಾರ್ಕ್’ (2017), ‘ಸನ್ ಆಫ್ ಪ್ಯಾಟ್ರಿಷಿಯಾ’ (2018), ‘ಐ ವಿಶ್ ಯು ವುಡ್’ (2022), ‘ವೇರ್ ವಾಸ್ ಐ’ (2023). ಇವುಗಳಲ್ಲಿ ಎರಡನೆಯದು ರಚನೆಯಲ್ಲಿ ಬಿಗಿ. ಹೊಸಬರು ಅಲ್ಲಿಂದ ಶುರುಮಾಡಬಹುದು. ನವೆಂಬರ್ 2023ರಲ್ಲಿ ಆಮ್ಸ್‌ಟರ್ಡಾಮ್‌ನ ಅರಮನೆಯಲ್ಲಿ ದೊರೆ ವಿಲೆಮ್-ಅಲೆಕ್ಸಾಂಡರ್ ಕೈಯಿಂದ ಎರಾಸ್ಮಸ್ ಪ್ರಶಸ್ತಿ ಸ್ವೀಕರಿಸಿದ. ಮೊತ್ತ ಒಂದೂವರೆ ಲಕ್ಷ ಯೂರೊ. ನಗಿಸುವವರಲ್ಲಿ ಇದಕ್ಕೆ ಮೊದಲು ಆ ಪ್ರಶಸ್ತಿ ಪಡೆದವರು 1965ರಲ್ಲಿ ಚಾರ್ಲಿ ಚಾಪ್ಲಿನ್. ಅದೇ ತಿಂಗಳು ‘ವಾಟ್ ನೌ?’ ಎಂಬ ಪಾಡ್‌ಕಾಸ್ಟ್ ಆರಂಭಿಸಿದ. ಅದರಲ್ಲಿ ಗಂಟೆಗಟ್ಟಲೆ ಮಾತಿಗೆ ಅವಕಾಶವಿರುವುದರಿಂದ ನಗೆಚಟಾಕಿಗಳಿಗಿಂತ ವಾದಸರಣಿಯೇ ಹೆಚ್ಚು. ಸಂಪಾದಕರ ಕತ್ತರಿ ಸ್ವಲ್ಪ ಹೆಚ್ಚು ಆಡಿದ್ದರೆ ಚೆನ್ನಿತ್ತು ಎನಿಸುವ ಸಂಚಿಕೆಗಳೂ ಇವೆ. 2018ರಲ್ಲಿ ಸ್ಥಾಪಿಸಿದ ಈತನ ಹೆಸರಿನ ಪ್ರತಿಷ್ಠಾನ ದಕ್ಷಿಣ ಆಫ್ರಿಕದ ಸರ್ಕಾರಿ ಶಾಲೆಗಳೊಂದಿಗೆ ಕೆಲಸ ಮಾಡುತ್ತಿದೆ.